ಹದಿನೆಂಟು ಮೀಟರಿನ ತೊಟ್ಟಿ, ಶೆಟ್ಟೆವ್ವನ ಜಾಗ

ನಮ್ಮೂರಿನ ಶೆಟ್ಟೆವ್ವ ತನ್ನ ಸಮಾಧಿಯ ಜಾಗವನ್ನು ತಾನೇ ಕಸ ತೆಗೆದು ಹಸನು ಮಾಡಿ ಇಟ್ಟುಕೊಂಡಿದ್ದಳು. ಕೃಷ್ಣಾ ಹೊಳೆಯ ಕಡೆಗಿನ ಹೊಲದ ತುದಿಯಲ್ಲಿ ಅವಳ ಗಂಡ ಮಡಿವಾಳಪ್ಪನ ಸಮಾಧಿ ಇದೆ. ಅವನ ಎಡಕ್ಕೆ ಅವನ ಮೊದಲ ಹೆಂಡತಿ ನೀಲವ್ವ. ಬಲಕ್ಕೆ ಒಬ್ಬರಿಗೆ ಸಾಲುವಷ್ಟು ಖಾಲಿ ನೆಲ. ಅದು ಶೆಟ್ಟೆವ್ವನದು. ಮಡಿವಾಳಪ್ಪ ಸಾಯುವ ವರ್ಷ ಕಡಲೆ ಕೀಳುತ್ತಿದ್ದಾಗ ಅಲ್ಲಿ ನಿಂತು, ನಾನು ಇಲ್ಲಿ, ನೀನು ನನ್ನ ಈ ಮಗ್ಗುಲಿಗೆ ಎಂದು ಕೈಮಾಡಿ ತೋರಿಸಿದ್ದನಂತೆ. ಅವನು ಹೆಚ್ಚು ಮಾತಿನ ಮನುಷ್ಯನಲ್ಲ. ಅಷ್ಟು ಹೇಳಿದ್ದೇ ದೊಡ್ಡದು ಎಂದು ಅವಳು ಬಾವಿಕಟ್ಟೆಯಲ್ಲಿ ಎಷ್ಟೋ ಸಲ ಹೇಳುತ್ತಿದ್ದಳು.

ನೀಲವ್ವ ಅವಳ ಒಡಹುಟ್ಟಿದ ಅಕ್ಕ. ಅಕ್ಕ ಸತ್ತಾಗ ಅವಳ ಮಗ ಬಸಣ್ಣ ಇನ್ನೂ ಅಂಬೆಗಾಲಿಕ್ಕುತ್ತಿದ್ದ. ಕೂಸನ್ನು ನೋಡಿಕೊಳ್ಳಲು ಬೇರೆ ಯಾರನ್ನೋ ತರುವುದೇಕೆ ಎಂದು ಹಿರಿಯರು ತಂಗಿಯನ್ನೇ ಕೊಟ್ಟರು. ಅಕ್ಕನ ಲಗ್ನದಲ್ಲಿ ಕೊಟ್ಟ ಹಾಂಡೆ, ಕೊಡ, ಅಗಲ ಬಾಯಿಯ ಪರಾತ ಎಲ್ಲ ಮನೆಯಲ್ಲಿ ಇದ್ದವಲ್ಲ, ಹಾಗಾಗಿ ತಂಗಿಗೆ ತವರಿನವರು ಹೊಸದೇನೂ ಕೊಡಲಿಲ್ಲ. ಎಲ್ಲ ಪಾತ್ರೆಗಳ ಮೇಲೂ ನೀಲವ್ವನ ಹೆಸರು ಕೊರೆಸಿತ್ತು. ಶೆಟ್ಟೆವ್ವ ಅವನ್ನೇ ತಿಕ್ಕಿ ತೊಳೆದು ಬದುಕು ಮಾಡಿದಳು. ಅವಳಿಗೆ ಮಕ್ಕಳಾಗಲಿಲ್ಲ. ಬಸಣ್ಣನನ್ನು ಎದೆಗವಚಿಕೊಂಡು ಬೆಳೆಸಿದಳು. ಅವನು ಅವಳನ್ನು ಚಿಗವ್ವ ಎಂದು ಕರೆದ. ತಾಯಿಯ ತಂಗಿಯನ್ನು ಎಲ್ಲರೂ ಹಾಗೆಯೇ ಕರೆಯುತ್ತಾರೆ. ಅವಳೂ ಬೇರೆ ಕೇಳಲಿಲ್ಲ.

ಮಳೆಗಾಲದಲ್ಲಿ ನಮ್ಮೂರಿನ ನಲ್ಲಿಗಳಲ್ಲಿ ಹೊಳೆಯ ನೀರು ಕೆಂಪಗೆ ಬರುತ್ತಿತ್ತು. ಹೆಂಗಸರು ನೀರನ್ನು ಪಾತ್ರೆಗೆ ತುಂಬಿ, ತುರಟಿ ಕಲ್ಲನ್ನು, ಅಂದರೆ ಪಟಕವನ್ನು, ಒಂದೆರಡು ಸುತ್ತು ತಿರುವಿ, ಕೆಸರು ತಳಕ್ಕೆ ಇಳಿಯುವವರೆಗೆ ಮುಟ್ಟದೆ ಬಿಡುತ್ತಿದ್ದರು. ಆದರೂ ಊರಲ್ಲಿ ವಾಂತಿ ಭೇದಿ ತಪ್ಪುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸುತ್ತಲಿನ ಹಳ್ಳಿಗಳಿಗೆಲ್ಲ ಸೇರಿಸಿ ನೀರು ಶುದ್ಧ ಮಾಡುವ ಘಟಕ ಮಂಜೂರಾಯಿತು. ಅದಕ್ಕೆ ಹೊಳೆಯ ಸಮೀಪ ಜಾಗ ಬೇಕಿತ್ತು. ಬಸಣ್ಣ ಗ್ರಾಮಸಭೆಯಲ್ಲಿ ಎದ್ದು ನಿಂತು ತನ್ನ ಹೊಲದ ತುದಿಯ ಪಟ್ಟಿಯನ್ನು ಪುಕ್ಕಟೆ ಕೊಡುತ್ತೇನೆಂದ. ಒಂದೇ ಒಂದು ಮಾತು ಕೇಳಿಕೊಂಡ: ಅವ್ವ ಅಪ್ಪನ ಸಮಾಧಿ ಎರಡನ್ನೂ ಮುಟ್ಟಬಾರದು. ಜನ ಚಪ್ಪಾಳೆ ತಟ್ಟಿದರು. ಶೆಟ್ಟೆವ್ವನೂ ಹೆಂಗಸರ ಸಾಲಿನಲ್ಲಿ ಕುಳಿತು ಹೆಮ್ಮೆಪಟ್ಟಳು.

ಘಟಕದ ಕೆಲಸಕ್ಕೆ ಬಂದ ಇಂಜಿನಿಯರ್ ದಾನೇಶ್ವರಿ ಇಂಗಳೇಶ್ವರದ ಹುಡುಗಿ. ಅವಳ ಮನೆಯಲ್ಲಿ ಕಾಲೇಜು ಕಂಡವಳು ಅವಳೊಬ್ಬಳೇ. ಎಲ್ಲ ಅಳೆದು, ಲೆಕ್ಕ ಹಾಕಿ, ಒಂದು ಮುಂಜಾನೆ ಹೊಲದಲ್ಲಿ ಸುಣ್ಣದ ಗೆರೆ ಹಾಕಿಸಿದಳು. ಬುತ್ತಿ ತಂದ ಶೆಟ್ಟೆವ್ವ ಆ ಗೆರೆಯನ್ನು ನೋಡಿ ನಿಂತುಬಿಟ್ಟಳು. ಎರಡೂ ಸಮಾಧಿಗಳು ಹೊರಗಿದ್ದವು. ಮಡಿವಾಳಪ್ಪನ ಬಲಮಗ್ಗುಲ ನೆಲ ಒಳಗಿತ್ತು.

"ಇದೇನ ಬರತೈತಿ ಇಲ್ಲಿ, ಯವ್ವಾ?"

"ಕೆಸರ ಇಳಿಸೋ ತೊಟ್ಟಿ ಆಯಿ. ಹದಿನೆಂಟ ಮೀಟರ್ ಉದ್ದ, ನಾಕೂವರಿ ಅಗಲ."

"ಇಲ್ಲಿ ನಾ ಬರಾಕಿ ಇದ್ನೆಲ್ಲ."

ದಾನೇಶ್ವರಿಗೆ ಮೊದಲು ತಿಳಿಯಲಿಲ್ಲ. ಶೆಟ್ಟೆವ್ವ ಬೆರಳು ಮಾಡಿ ತೋರಿಸಿದ ಮೇಲೆ ತಿಳಿಯಿತು. ಅವಳು ಕೈಯಲ್ಲಿದ್ದ ಟೇಪನ್ನು ಸುತ್ತಿಕೊಂಡು ಬಸಣ್ಣನನ್ನು ಕರೆಸಿದಳು. ಬಸಣ್ಣ ಬಂದವನು ಗೆರೆಯನ್ನು ನೋಡಿದ, ಚಿಗವ್ವನನ್ನು ನೋಡಿದ, ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡ. ಅವನಿಗೆ ಮರೆತೇಹೋಗಿತ್ತು. ಕೇಡು ಬಗೆದು ಮಾಡಿದ್ದಲ್ಲ. ಖಾಲಿ ಜಾಗ ಅವನ ಕಣ್ಣಿಗೆ ಖಾಲಿಯಾಗಿಯೇ ಕಂಡಿತ್ತು.

ತೊಟ್ಟಿಯನ್ನು ಹಿಂದಕ್ಕೆ ಸರಿಸುವ ಹಾಗಿರಲಿಲ್ಲ. ಹಿಂದೆ ಪಂಪಿನ ಕೋಣೆ, ಅದರಾಚೆ ಹೊಳೆ ತುಂಬಿದಾಗ ಮುಳುಗುವ ನೆಲ. ಅಗಲ ಹೆಚ್ಚಿಸಿ ಉದ್ದ ಕಡಿಮೆ ಮಾಡಿದರೆ ನೀರು ಒಂದು ಬದಿಗೆ ಓಡಿ, ಇನ್ನೊಂದು ಬದಿ ಸುಮ್ಮನೆ ನಿಲ್ಲುತ್ತದೆ. ಆಗ ಬಸಣ್ಣ, ಬಾವಿಯ ಹಾಗೆ ಆಳ ತೋಡಿಬಿಡಿ, ಉದ್ದ ಯಾಕೆ ಬೇಕು ಎಂದ. ನಮ್ಮ ಕಡೆ ನೀರಿನ ಮಾತು ಬಂದರೆ ಎಲ್ಲರೂ ಆಳದ ಲೆಕ್ಕವನ್ನೇ ಹಾಕುತ್ತಾರೆ. ಶೆಟ್ಟೆವ್ವನ ಮುಖ ಅರಳಿತು.

ದಾನೇಶ್ವರಿ ಅಲ್ಲೇ ಬದುವಿನ ಮೇಲೆ ಕುಳಿತು ಬಿಡಿಸಿ ಹೇಳಿದಳು. ಕೆಸರಿನ ಕಣ ನಿಧಾನವಾಗಿ ಇಳಿಯುತ್ತದೆ. ನೀರು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ಅದು ತಳ ಮುಟ್ಟಬೇಕು. ಆಳ ಮಾಡಿದರೆ ನೀರು ಹೆಚ್ಚು ಹೊತ್ತು ನಿಲ್ಲುವುದು ನಿಜ, ಆದರೆ ಕಣ ಇಳಿಯಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ. ಹಾಗಾಗಿ ದಿನಕ್ಕೆ ಎಷ್ಟು ನೀರು ಬರುತ್ತದೋ ಅದಕ್ಕೆ ತಕ್ಕ ಹರವು ಬೇಕೇ ಬೇಕು. ಇಷ್ಟು ಹೇಳಿ, ಮನೆಯಲ್ಲಿ ಕೆಂಪು ನೀರು ಕೊಡದಲ್ಲಿ ಬೇಗ ತಿಳಿಯಾಗುತ್ತದೋ ಪರಾತದಲ್ಲೋ ಎಂದು ಶೆಟ್ಟೆವ್ವನನ್ನು ಕೇಳಿದಳು.

ಶೆಟ್ಟೆವ್ವ ಸುಣ್ಣದ ಗೆರೆಯನ್ನು ನೋಡಿದಳು. ಸುಳ್ಳು ಹೇಳಬಹುದಿತ್ತು.

"ಪರಾತದಾಗ," ಎಂದಳು.

ದಾನೇಶ್ವರಿ ಮುದ್ದೇಬಿಹಾಳದ ಆಫೀಸಿಗೆ ಹೋಗಿ ಮತ್ತೆ ಲೆಕ್ಕ ಹಾಕಿದಳು. ಮರುವಾರ ಬಸ್ಸಿಳಿದು ನೇರವಾಗಿ ಶೆಟ್ಟೆವ್ವನ ಮನೆಗೇ ಬಂದಳು. ಬಸಣ್ಣನೂ ಪಡಸಾಲೆಯಲ್ಲಿದ್ದ. ಒಂದು ದಾರಿ ಇದೆ ಎಂದಳು. ತೊಟ್ಟಿಯ ಅಳತೆ ಇವತ್ತಿನ ಜನಕ್ಕಲ್ಲ, ಇನ್ನು ಹದಿನೈದು ವರ್ಷಕ್ಕೆ ಎಷ್ಟು ಜನ ಆಗುತ್ತಾರೋ ಅವರಿಗೆ. ಆ ಜನಸಂಖ್ಯೆಯನ್ನು ಸ್ವಲ್ಪ ಕಡಿಮೆ ಹಿಡಿದರೆ ಹದಿನಾರು ಮೀಟರಿಗೆ ಮುಗಿಸಬಹುದು. ಜಾಗ ಉಳಿಯುತ್ತದೆ.

"ನೀ ಕಮ್ಮಿ ಬರದ್ರ ಮಂದಿ ಕಮ್ಮಿ ಹುಟ್ಟತಾರೇನ?" ಎಂದಳು ಶೆಟ್ಟೆವ್ವ.

ದಾನೇಶ್ವರಿ ಲೆಕ್ಕದ ಹಾಳೆಯನ್ನು ಮಡಚಿಟ್ಟಳು.

"ಮುಂದ ಮಂದಿ ಹೆಚ್ಚಾದ್ರ ಏನಾಕ್ಕೈತಿ, ಅದನ್ನ ಹೇಳು."

"ಮಳಿಗಾಲದಾಗ ಕೆಸರ ಪೂರಾ ಇಳಿಯೂದಿಲ್ರಿ ಆಯಿ. ನೀರಿನ ಜೋಡಿ ಮುಂದ ಹೋಗಿ ಸೋಸೂ ಉಸುಕು ಕಟಕೋತೈತಿ. ನಲ್ಲ್ಯಾಗ ಮತ್ತ ಕೆಂಪ ನೀರು."

"ಇನ್ನೂ ಹುಟ್ಟಲಾರದವರಿಗೆಲ್ಲ ಜಾಗಾ ಹಿಡದಿ. ನಾ ಎದುರಿಗೆ ಕುಂತೇನಿ, ನನಗ ಇಲ್ಲ," ಎಂದು ಶೆಟ್ಟೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟೇ ಅತ್ತಳು. ಆಮೇಲೆ ಎದ್ದು ಒಲೆಯ ಮೇಲೆ ಚಹಾಕ್ಕಿಟ್ಟು, ಬೆನ್ನು ಮಾಡಿಯೇ ಹೇಳಿದಳು: "ಹದಿನೆಂಟ ಹಾಕವ್ವಾ."

ಬಸಣ್ಣ ಆಗ ಬಾಯಿಬಿಟ್ಟ. ನೀಲವ್ವನ ಆಚೆ ಮಗ್ಗುಲಿಗೆ ಬೇಕಾದಷ್ಟು ಜಾಗ ಇದೆ, ಅಲ್ಲಿ ಕಟ್ಟೆಯನ್ನೂ ಕಟ್ಟಿಸುತ್ತೇನೆ ಎಂದ.

"ಬ್ಯಾಡಪಾ. ಸಣ್ಣಾಕಿದ್ದಾಗ ಅಕ್ಕನ ಮಗ್ಗಲಿಗೆ ಮಲಗೇನಿ. ಆಮ್ಯಾಲೆ ಅಕ್ಕನ ಜಾಗಾದಾಗ ಮಲಗೇನಿ. ಸಾಕು. ನನ್ನ ಊರ ಮಂದಿ ಜೋಡಿ ಹಾಕು."

ಬಸಣ್ಣ ತಲೆಬಾಗಿಲು ದಾಟಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ. ಚಹಾ ಆರಿಹೋಯಿತು.

ಕೆಲಸ ನಡೆದಷ್ಟು ದಿನವೂ ಶೆಟ್ಟೆವ್ವ ಹೊಲಕ್ಕೆ ಹೋಗಲಿಲ್ಲ. ಬುತ್ತಿಯನ್ನು ಸೊಸೆಯ ಕೈಯಲ್ಲಿ ಕಳಿಸಿದಳು. ಅಮಾವಾಸ್ಯೆಗೆ ಗಂಡನ ಸಮಾಧಿಗೆ ಕಾಯಿ ಒಡೆಯಲು ಮಾತ್ರ ಹೋಗಿ, ಬಲಕ್ಕೆ ನೋಡದೆ ಬರುತ್ತಿದ್ದಳು ಎಂದು ಸೊಸೆ ಹೇಳುತ್ತಾಳೆ. ಮುಂದಿನ ಮಳೆಗಾಲದಲ್ಲಿ ಹೊಳೆ ಕೆಂಪಗೆ ತುಂಬಿ ಹರಿದರೂ ನಲ್ಲಿಯಲ್ಲಿ ತಿಳಿನೀರು ಬಂತು. ನೆರೆಹೊರೆಯವರು ಚರಿಗೆಯಲ್ಲಿ ಆ ನೀರು ಹಿಡಿದುಕೊಂಡು ಬಂದು, ನಿಮ್ಮ ಮನೆತನದ ಪುಣ್ಯ ಎಂದು ಬಸಣ್ಣನಿಗೆ ಹೇಳಿ ಹೋದರು. ಶೆಟ್ಟೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳು ಬಿಟ್ಟುಕೊಟ್ಟಿದ್ದು ಏನೆಂದು ಊರಲ್ಲಿ ಹೆಚ್ಚು ಮಂದಿಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ. ಬಾವಿಕಟ್ಟೆಯಲ್ಲಿ ಮಡಿವಾಳಪ್ಪನ ಮಾತು ತೆಗೆಯುವುದನ್ನೂ ಬಿಟ್ಟಳು.

ಮರುವರ್ಷ ಬಿಳಿಜೋಳ ತೆನೆ ಕಟ್ಟುವ ಹೊತ್ತಿಗೆ ಜ್ವರ ಬಂದು ತೀರಿಕೊಂಡಳು. ದಾನೇಶ್ವರಿ ಸುದ್ದಿ ತಿಳಿದು ಬಂದಳು, ಹಿಡಿಮಣ್ಣು ಹಾಕಿ ಹೋದಳು. ಶೆಟ್ಟೆವ್ವ ಹೇಳಿದಂತೆಯೇ ಊರ ರುದ್ರಭೂಮಿಯಲ್ಲಿ ಅವಳನ್ನು ಮಣ್ಣು ಮಾಡಿದರು. ಅವಳ ಅತ್ತ ಇತ್ತ ಇರುವವರು ಯಾರೆಂದು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಈಗ ಅಮಾವಾಸ್ಯೆ ಬಂದರೆ ಬಸಣ್ಣ ಮೊದಲು ರುದ್ರಭೂಮಿಗೆ ಹೋಗುತ್ತಾನೆ. ಅಲ್ಲಿ ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಅದು ಪೂರ್ತಿ ಉರಿಯುವವರೆಗೆ ಕೂಡುತ್ತಾನೆ. ಹೊಲದ ಕಡೆ ಹೋಗುವಷ್ಟರಲ್ಲಿ ಬಿಸಿಲು ಏರಿರುತ್ತದೆ. ತಡವಾಯಿತಲ್ಲ ಎಂದು ಯಾರಾದರೂ ಕೇಳಿದರೆ, ಅವರಿಬ್ಬರು ಜೋಡಿ ಅದಾರ, ಆಕಿ ಒಬ್ಬಾಕಿ ಅದಾಳ ಎನ್ನುತ್ತಾನೆ.