ಕಣ್ಣು ಮುಚ್ಚಿದ ಮೀನು

1996ರಲ್ಲಿ ಅಗ್ರಹಾರದ ನಮ್ಮ ಪಕ್ಕದ ಮನೆಯ ನೀಲಮ್ಮ ಮಾರುಕಟ್ಟೆಯಲ್ಲಿ ತಲೆಸುತ್ತಿ ಬಿದ್ದಾಗ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವಳು ಮೀನು ಮಾರುವ ಚಿಕ್ಕತಾಯಮ್ಮ. ನೀಲಮ್ಮನ ಗಂಡ ಶಿವಲಿಂಗಯ್ಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಚಿಕ್ಕತಾಯಮ್ಮನಿಗೆ ಕೊಡಲೆಂದು ಜಲವರ್ಣದಲ್ಲಿ ಒಂದು ಮೀನು ಬರೆದರು. ಲಿಂಗಾಯತರ ಮನೆ, ಮೀನು ಹೊಸಿಲು ದಾಟಿದ್ದಿಲ್ಲ. ಅವರ ಮೀನು ಸೊಗಸಾಗಿ ರೆಪ್ಪೆ ಮುಚ್ಚಿ ಮಲಗಿತ್ತು.

“ಮೀನಿಗೆ ರೆಪ್ಪೆ ಇರುವುದಿಲ್ಲ,” ಎಂದೆ ನಾನು.

ಬಣ್ಣ ಒಣಗಿತ್ತು, ತಿದ್ದುವಂತಿರಲಿಲ್ಲ. ಅವರ ಮುಖ ಚಿಕ್ಕದಾಯಿತು. “ಮೀನು ಮಾರೋರಿಗೇ ಇದನ್ನ ಹೆಂಗ್ ಕೊಡ್ಲಿ ಮೇಡಂ?”

ಅಷ್ಟರಲ್ಲಿ ನೀಲಮ್ಮನನ್ನು ನೋಡಲು ಚಿಕ್ಕತಾಯಮ್ಮನೇ ಬಂದಳು. ಮೇಷ್ಟ್ರು ರೆಪ್ಪೆಯ ತಪ್ಪನ್ನು ಹೇಳಿಕೊಂಡೇ ಚಿತ್ರ ಚಾಚಿದರು. ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು ಚಿತ್ರ ತೆಗೆದುಕೊಂಡಳು, ನೋಡಿ ನಕ್ಕಳು.

“ಇರ್ಲಿ ಬುಡಿ ಮೇಷ್ಟ್ರೇ. ಮೂವತ್ತು ವರ್ಷದಿಂದ ಎಲ್ಲಾ ಮೀನೂ ನನ್ನೇ ದುರುಗುಟ್ಕೊಂಡು ನೋಡ್ತಾವೆ. ಇದೊಂದಾದ್ರೂ ನಿದ್ದೆ ಮಾಡ್ಲಿ.”