‘ಕಟ್ಟಿದವರು ಯಾರೋ’ ಎಂದಾಗ ಒಡೆಲಾ ಅಲ್ಲೇ ಇದ್ದರು

ಶನಿವಾರ. ಬೆಟ್ಟದ ನೆತ್ತಿಗೆ ಇನ್ನೂ ಬಿಸಿಲು ತಾಗಿಲ್ಲ. ಹಾರ್ಡ್‌ವೇರ್ ಅಂಗಡಿಯ ಹಿಂದಿರುವ ನಮ್ಮೂರ ರೇಡಿಯೋ ಕೋಣೆಯಲ್ಲಿ ಒಡೆಲಾ ಮಲಿನ್ಸ್ ಪಿಟೀಲನ್ನು ಕೋಟಿನೊಳಗೆ ಎದೆಗವಚಿಕೊಂಡು ಕೂತಿದ್ದಾರೆ. ಚಳಿಗೆ ತಂತಿಗಳು ಶ್ರುತಿ ಬಿಡುತ್ತವೆ. ಮೈಯ ಕಾವು ತಗುಲಿದರೆ ಸ್ವಲ್ಪ ಮಾತು ಕೇಳುತ್ತವೆ. ಪಕ್ಕದಲ್ಲಿ ಬರ್ಲ್ ರೇಮಿ ತಮ್ಮ ಬ್ಯಾಂಜೊದ ಕಿವಿ ಹಿಂಡುತ್ತಿದ್ದಾರೆ. ಒಡೆಲಾರ ಮಗಳು ಟ್ವೈಲಾ, ಆಳೆತ್ತರದ ಬಾಸ್ ಪಿಟೀಲಿಗೆ ಭುಜ ಕೊಟ್ಟು ನಿಂತಿದ್ದಾಳೆ. ತಾಯಿಯ ಕಡೆ ನೋಡುತ್ತಿಲ್ಲ.

“ಇವತ್ತೂ ಮಾತಿಲ್ವೇನೇ?” ಎನ್ನುತ್ತಾರೆ ಒಡೆಲಾ.

“ಮೊದ್ಲು ನಿನ್ನ ತಂತಿ ನೋಡ್ಕೋ ಅಮ್ಮ.”

“ಇಬ್ರೂ ಹೀಗೇ ಇರಿ. ಕೇಳೋರು ಇದನ್ನೇ ಹಾಡು ಅಂದ್ಕೊಳ್ತಾರೆ,” ಎಂದು ಬರ್ಲ್ ನಗುತ್ತಾರೆ. ಬೇರೆ ಯಾರೂ ನಗುವುದಿಲ್ಲ.

ಈ ಮೂವರ ವಾದ್ಯ ಕೇಳದೆ ನಮ್ಮ ಕಣಿವೆಯಲ್ಲಿ ಶನಿವಾರ ಬೆಳಗಾಗುವುದಿಲ್ಲ. ಹಾಲು ಕರೆಯುವ ಕೊಟ್ಟಿಗೆಯಲ್ಲಿ, ಬಿಸ್ಕಿಟ್ ಎಂಬ ಮೆತ್ತನೆ ರೊಟ್ಟಿ ಬೇಯುವ ಒಲೆಯ ಮುಂದೆ, ಕಲ್ಲಿದ್ದಲು ಲಾರಿಯಲ್ಲಿ ಜನ ಕಾಲು ಕುಣಿಸುತ್ತ ಕೇಳುತ್ತಾರೆ. ಆದರೆ ಅಂಗಡಿಯಲ್ಲಿ ಒಡೆಲಾ ಎದುರಾದರೆ ಎಷ್ಟೋ ಮಂದಿಗೆ ಗುರುತೇ ಸಿಗದು. ವಾರವಿಡೀ ಅವರು ಶಾಲೆಯ ಅಡುಗೆಮನೆಯಲ್ಲಿ ಹುರುಳಿಕಾಯಿ ಬೇಯಿಸುವವರು. ಅಲ್ಲಿಯೇ ಒಮ್ಮೆ ಚಾಕು ಜಾರಿ, ತಂತಿ ಒತ್ತುವ ಕೈಯ ಕಿರುಬೆರಳ ತುದಿಯ ಸ್ಪರ್ಶ ಹೋಯಿತು. “ಆ ಬೆರಳು ಈಗ ನೆಂಟರ ಹಾಗೆ. ಇರುತ್ತೆ, ಕೆಲಸ ಮಾಡಲ್ಲ,” ಎನ್ನುತ್ತಾರೆ. ಮೂರೇ ಬೆರಳಲ್ಲಿ ಎಲ್ಲ ಮಟ್ಟುಗಳನ್ನೂ ಹೊಸದಾಗಿ ಕಲಿತರು.

ಟ್ವೈಲಾ ಎಳೆಗೂಸಾಗಿದ್ದಾಗ ಹೊಟ್ಟೆನೋವಿಗೆ ಎಡೆಬಿಡದೆ ಅಳುತ್ತಿದ್ದಳು. ಗಂಡ ಗಣಿಯ ಪಾಳಿಯಲ್ಲಿ. ಕೂಸನ್ನು ಬಟ್ಟೆಬುಟ್ಟಿಯಲ್ಲಿ ಮಲಗಿಸಿ ಒಡೆಲಾ ಪಿಟೀಲು ಹಿಡಿದರು. “ಅವಳ ಅಳು ಏರಿದ್ರೆ ನಾನೂ ಏರಿಸ್ತಿದ್ದೆ. ಅವಳು ಬಿಕ್ಕಿದ್ರೆ ನಾನೂ ನಿಲ್ತಿದ್ದೆ. ಕೊನೆಗೆ ಇಬ್ರೂ ಒಂದೇ ಜಾಗಕ್ಕೆ ಬಂದು ಸುಮ್ಮನಾಗ್ತಿದ್ವಿ.” ಹಾಗೆ ಹುಟ್ಟಿದ ಧಾಟಿಗೆ ಮನೆಯಲ್ಲಿ ‘ಹೊಟ್ಟೆನೋವಿನ ಮಟ್ಟು’ ಎಂದೇ ಹೆಸರು. ಮುಂದೆ ಬರ್ಲ್ ಜೊತೆ ಅದನ್ನು ಚರ್ಚಿನ ಅಂಗಳದಲ್ಲಿ, ಮೀನೂಟದ ಕೂಟಗಳಲ್ಲಿ, ಕುಣಿತದ ಮನೆಗಳಲ್ಲಿ ನುಡಿಸಿದರು. ಕೇಳಿದವರು ಕಲಿತರು, ಅವರಿಂದ ಇನ್ಯಾರೋ ಕಲಿತರು.

ಗೊಂದಲ ಎದ್ದಿದ್ದು ಹೋದ ತಿಂಗಳು. ಪಕ್ಕದ ಪಟ್ಟಣದ ಸಭಾಂಗಣದಲ್ಲಿ ನಾಲ್ಕಾರು ತಂಡಗಳ ಮೇಳ. ಇವರಿಗಿಂತ ಮೊದಲು ವೇದಿಕೆ ಹತ್ತಿದ ತಂಡದ ಪಿಟೀಲುಗಾರ್ತಿ ಕೊರೀನ್, ನಗರದವಳು, ಒಳ್ಳೆಯ ಕೈ. ಅವಳು ಮೈಕಿನಲ್ಲಿ ಹೇಳಿದಳು: “ಇದು ಬಲು ಹಳೇ ಮಟ್ಟು. ‘ವಿಧವೆಯ ತಿರುವು’ ಅಂತ ಹೆಸರು. ಕಟ್ಟಿದವರು ಯಾರೋ, ಎಂದೋ ಮಣ್ಣಾಗಿದ್ದಾರೆ.” ಬಿಲ್ಲಿನ ಮೊದಲ ಎಳೆತಕ್ಕೇ ಅದು ಹೊಟ್ಟೆನೋವಿನ ಮಟ್ಟೇ ಎಂದು ಒಡೆಲಾಗೆ ಗೊತ್ತಾಯಿತು.

ಬರ್ಲ್ ಮೊಣಕೈಯಿಂದ ತಿವಿದರು. “ಏನಮ್ಮ, ನಿನ್ನನ್ನ ಹೂತೂ ಆಯ್ತಂತೆ! ನಂಗೊಂದ್ ಮಾತು ಹೇಳಿದ್ರೆ ಹೂವಾದ್ರೂ ತರ್ತಿದ್ದೆ.”

ಮೇಳ ಮುಗಿದ ಮೇಲೆ ಒಡೆಲಾ ಕೊರೀನ್ ಬಳಿ ಹೋದರು. ಇದು ನನ್ನದು ಎಂದು ಹೇಳಲೆಂದೇ ಹೋದದ್ದು. ಬಾಯಿಂದ ಬಂದದ್ದು ಬೇರೆ: “ಎರಡನೇ ಭಾಗದಲ್ಲಿ ಒಂದು ತಿರುವು ಹಾಕಿದ್ಯಲ್ಲ ಮಗಳೇ, ಅದು ಹೇಗೆ?”

“ಕಷ್ಟ ಏನಿಲ್ಲಮ್ಮ. ಕೂತ್ಕೊಳ್ಳಿ, ಹೇಳಿಕೊಡ್ತೀನಿ.”

ಒಡೆಲಾ ಕೂತರು. ತಾವೇ ಕಟ್ಟಿದ ಮಟ್ಟನ್ನು ಮೊದಲಿಂದ ಪಾಠ ಹೇಳಿಸಿಕೊಂಡರು. “ಬೇಗ ಹಿಡೀತೀರಿ ನೀವು,” ಎಂದು ಕೊರೀನ್ ಮೆಚ್ಚಿದಾಗ ಬರ್ಲ್ ಹೊಟ್ಟೆ ಹಿಡಿದುಕೊಂಡು ಹೊರಗೋಡಿದರಂತೆ. ಟ್ವೈಲಾ ಮಾತ್ರ ನಗಲಿಲ್ಲ. ಮರಳುವ ದಾರಿಯಲ್ಲಿ ಪಿಕಪ್ ಓಡಿಸುತ್ತ ಒಂದೇ ಮಾತು ಹೇಳಿದಳು: “ನಿಂದಲ್ಲ ಅಂತ ನೀನು ಬಿಟ್ಕೊಡು, ನಿನ್ನಿಷ್ಟ. ಆದ್ರೆ ಅದು ನಂದು. ನನಗೋಸ್ಕರ ಮಾಡಿದ್ದು. ನನ್ನನ್ನ ಕೇಳ್ದೆ ಹೇಗೆ ಕೊಟ್ಟೆ?” ಅಂದಿನಿಂದ ಅಮ್ಮ ಮಗಳ ನಡುವೆ ಶ್ರುತಿ ಮಾತ್ರ, ಮಾತಿಲ್ಲ.

ಯಾಕೆ ಬಾಯಿ ಬಿಡಲಿಲ್ಲ ಎಂದು, ರೇಡಿಯೋ ಕೋಣೆಗೆ ಪತ್ರಿಕೆಗಾಗಿ ಬರೆದುಕೊಳ್ಳಲು ಬಂದ ನಾನೂ ಕೇಳುತ್ತೇನೆ. ಒಡೆಲಾ ಬಿಲ್ಲಿಗೆ ರಾಳ ಉಜ್ಜುವುದನ್ನು ನಿಲ್ಲಿಸುತ್ತಾರೆ. “ಗೊತ್ತಿಲ್ಲಪ್ಪ. ನಿಜವಾಗ್ಲೂ ಗೊತ್ತಿಲ್ಲ. ಆ ತಿರುವು ಕೇಳಿದ್ದೇ ತಡ, ಇದು ನಂದೇನಾ ಅನ್ನಿಸ್ಬಿಡ್ತು. ನಂದಾಗಿದ್ರೆ ಅಷ್ಟು ಚೆಂದ ಇರೋ ಜಾಗ ನಂಗ್ಯಾಕೆ ಹೊಳೀಲಿಲ್ಲ? ನಮ್ಮಜ್ಜ ಹಸು ಕರೆಯೋಕೆ ಏನೋ ಸಿಳ್ಳೆ ಹಾಕೋರು, ಅದೇ ನನ್ನ ಕೈಗೆ ಬಂದಿತ್ತೋ ಏನೋ. ಯೋಚನೆ ಮಾಡಿದಷ್ಟೂ ಸಿಕ್ಕು.” ಕೇಳುತ್ತ ನನಗೂ ಬಗೆಹರಿಯುವುದಿಲ್ಲ.

ಕೆಂಪು ದೀಪ ಹತ್ತುತ್ತದೆ. ಇನ್ನು ನೇರ ಪ್ರಸಾರ. ಎರಡು ಕುಣಿತದ ಮಟ್ಟು ಮುಗಿಯುತ್ತವೆ. ಮಾತೆಲ್ಲ ಯಾವಾಗಲೂ ಬರ್ಲ್‌ದೇ. ಒಡೆಲಾ ಇಷ್ಟು ವರ್ಷದಲ್ಲಿ ಮೈಕಿನ ಮುಂದೆ ತುಟಿ ಬಿಚ್ಚಿದವರಲ್ಲ. ಈ ಬಾರಿ ಅವರೇ ಮುಂದೆ ಬಾಗುತ್ತಾರೆ. ಬರ್ಲ್ ಗಾಬರಿಯಾಗಿ ಹಿಂದೆ ಸರಿಯುತ್ತಾರೆ.

“ಈಗ ನುಡಿಸೋದಕ್ಕೆ ಈಚೆಗೆ ಏನೋ ದೊಡ್ಡ ಹೆಸರಿಟ್ಟಿದ್ದಾರೆ. ಇದು ಹೊಟ್ಟೆನೋವಿನ ಮಟ್ಟು. ನನ್ನ ಮಗಳು ಟ್ವೈಲಾಗೆ ಅಂತ ನಮ್ಮನೆ ಅಡುಗೆಮನೇಲಿ ಆಗಿದ್ದು. ಮಾಡಿದೋರ ಹೆಸರು ಮರೆತ್ರೂ ಪರವಾಗಿಲ್ಲ. ಯಾರಿಗೆ ಅಂತ ಮರೀಬೇಡಿ.”

ಮುಖ ಕೆಂಪಗಾಗಿ, ಒಂದು ಎರಡು ಎಂಬ ಎಣಿಕೆಯನ್ನೂ ಹೇಳದೆ ಶುರು ಮಾಡುತ್ತಾರೆ. ಬ್ಯಾಂಜೊ ಓಡಿಬಂದು ಕೂಡಿಕೊಳ್ಳುತ್ತದೆ. ಬಾಸ್ ಮಾತ್ರ ಇಲ್ಲ. ಟ್ವೈಲಾ ತೋಳಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ. ಒಡೆಲಾ ಮೊದಲ ಭಾಗವನ್ನೇ ಮತ್ತೆ ಸುತ್ತಿ ಕಾಯುತ್ತಾರೆ. ಕೊನೆಗೆ ದಪ್ಪ ತಂತಿ ಗುಂಯ್ ಎನ್ನುತ್ತದೆ. ಅದೂ ಒಂದು ಹೆಜ್ಜೆ ತಡವಾಗಿ. ತಾಯಿ ಆ ಹೆಜ್ಜೆಗೆ ತಮ್ಮ ನಡೆ ಹೊಂದಿಸಿಕೊಳ್ಳುತ್ತಾರೆ. ಎರಡನೇ ಭಾಗ ಬಂದಾಗ ಕೊರೀನ್ ಕಲಿಸಿದ ತಿರುವನ್ನೇ ಹಾಕುತ್ತಾರೆ.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಕೊರೀನ್‌ಳ ಫೋನ್. ಯಾರೋ ರೇಡಿಯೋ ಕೇಳಿ ಅವಳಿಗೆ ಸುದ್ದಿ ಮುಟ್ಟಿಸಿದ್ದಾರೆ. ಅಳುತ್ತಾಳೆ, ಕ್ಷಮೆ ಕೇಳುತ್ತಾಳೆ. “ಅಳೋದ್ ಬಿಡು ಮಗಳೇ, ಪಿಟೀಲು ತಗೊಂಡು ಮುಂದಿನ ಶನಿವಾರ ಬಾ. ಬಿಸ್ಕಿಟ್ಟು, ಗ್ರೇವಿ ಮಾಡಿರ್ತೀನಿ,” ಎನ್ನುತ್ತಾರೆ ಒಡೆಲಾ.

ಹೊರಗೆ ಟ್ವೈಲಾ ಬಾಸನ್ನು ಪಿಕಪ್‌ಗೆ ಏರಿಸುತ್ತಾಳೆ. “ಬೇಗ ಬಾರಮ್ಮ, ಕಾಫಿ ಆರುತ್ತೆ,” ಎಂದು ಕೂಗುತ್ತಾಳೆ.

ಹಾಗಾದರೆ ಮಟ್ಟು ಯಾರದೆಂದು ಬರೆಯಲಿ ಎಂದು ಕೊನೆಯದಾಗಿ ಕೇಳುತ್ತೇನೆ.

“ಮಟ್ಟು ನಂದೋ, ಅಜ್ಜಂದೋ, ಆ ಹುಡುಗೀದೋ, ನಂಗಿನ್ನೂ ಬಗೆಹರಿದಿಲ್ಲ,” ಎನ್ನುತ್ತಾರೆ ಒಡೆಲಾ ಮಲಿನ್ಸ್, ಪಿಕಪ್‌ನತ್ತ ಹೆಜ್ಜೆ ಹಾಕುತ್ತ. “ಅಲ್ಲಿ ಬಾಸ್ ಏರಿಸಿ ನಿಂತಿದ್ದಾಳಲ್ಲ, ಅವಳು ಮಾತ್ರ ನನ್ನ ಮಗಳು. ಅದನ್ನ ಬರ್ಕೋ.”