ಇಂಗ್ಲೆಂಡಿನ ಸಂತೆಬೀದಿಗೆ ನಾನು ಕಲಿಸಿದ ಶಿಸ್ತು

ನಾನು ವಲಸೆ ಬಂದು ನೆಲೆಸಿರುವ ಥಾರ್ನ್‌ಹಿಲ್ಲಿನ ಲೈಬ್ರರಿಯಲ್ಲಿ ನಾನು ವಾಲಂಟಿಯರ್. ಮೊನ್ನೆ ಇಂಗ್ಲೆಂಡ್ ಮೂಲದ ವೃದ್ಧರೊಬ್ಬರು ‘ಅಂದು–ಇಂದು’ ಪ್ರದರ್ಶನಕ್ಕೆಂದು ತಮ್ಮೂರ ಸಂತೆಬೀದಿಯ ಎರಡು ಕಪ್ಪು-ಬಿಳುಪು ಫೋಟೋ ಕೊಟ್ಟುಹೋದರು. ಒಂದರಲ್ಲಿ ಗುಡಿಸಿಟ್ಟಂಥ ಖಾಲಿ ಬೀದಿ. ಇನ್ನೊಂದರಲ್ಲಿ ತರಕಾರಿ ರಾಶಿ, ನೂಕುನುಗ್ಗಲು, ಬಾಯ್ತೆರೆದು ಕೂಗುವ ವ್ಯಾಪಾರಿ. ಯಾವುದು ಅಂದಿನದು, ಯಾವುದು ಇಂದಿನದು ಎಂದು ಬರೆದಿರಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳಿಗೆ ಇಂಗ್ಲೆಂಡ್ ಗೊತ್ತಿರುವುದಿಲ್ಲವೇ? ಶಿಸ್ತಿನ ಬೀದಿಯನ್ನು ‘ಅಂದು’ ಎಂದೂ ಗದ್ದಲದ್ದನ್ನು ‘ಇಂದು’ ಎಂದೂ ತೂಗುಹಾಕಿದೆ.

ಪ್ರದರ್ಶನದ ದಿನ ಬಾಗಿಲು ತೆರೆಯುವ ಹೊತ್ತಿಗೆ ವೃದ್ಧರು ಬಂದು ನೋಡಿ ಕಂಗಾಲಾದರು.

“ಮೇಡಂ, ತಿರುಗುಮುರುಗಾಗಿದೆ! ಆ ಕೂಗುತ್ತಿರುವವರು ನನ್ನಜ್ಜ. ಅವರನ್ನು ನೋಡಲೆಂದೇ ನನ್ನಕ್ಕ ಬರುತ್ತಿದ್ದಾಳೆ.”

“ನಿಮ್ಮಜ್ಜ ಬೀದಿಯಲ್ಲಿ ನಿಂತು ಹೀಗೆ ಕಿರುಚುತ್ತಿದ್ದರಾ?”

“ಈರುಳ್ಳಿ ಮಾರಬೇಕಿತ್ತಲ್ಲ!”

ಅವರಕ್ಕ ಒಳಬರುವಷ್ಟರಲ್ಲಿ ಫೋಟೋಗಳನ್ನು ಅದಲುಬದಲು ಮಾಡಿದೆ. ಆದರೂ ಅಜ್ಜನವರು ಶರ್ಟಿನ ಮೇಲಿನ ಗುಂಡಿಯನ್ನಾದರೂ ಹಾಕಿಕೊಂಡಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.